ಓಡೋಮೀಟರಿಗೆ ಸಿಗದ ವಯಸ್ಸು

ಕಾರಿನಿಂದ ಬಿಚ್ಚಿ ಬಿಸಾಡಿದ ರೇಡಿಯೇಟರ್ ಹೋಸ್ ಒಂದನ್ನು ಉದ್ದಕ್ಕೆ ಸೀಳಿ, ಅಗಲ ಮಾಡಿ ನೋಡಿ. ಹೊರಮೈ ಕಪ್ಪಗೆ ನುಣುಪಾಗಿರುತ್ತದೆ. ಇನ್ನೂ ಹತ್ತು ವರ್ಷ ಬಾಳುವಂತೆ ಕಾಣುತ್ತದೆ. ಒಳಮೈಯ ಕಥೆ ಬೇರೆ. ನಡುಭಾಗಕ್ಕೆ ಏನೂ ಆಗಿರುವುದಿಲ್ಲ. ಆದರೆ ಲೋಹದ ಕೊಳವೆಗೆ ಸಿಕ್ಕಿಸಿದ್ದ ತುದಿಯಿಂದ ಎರಡು ಇಂಚಿನೊಳಗೆ, ಹೋಸಿನ ಉದ್ದಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಸಾಲಾಗಿ ಕಾಣುತ್ತವೆ. ಆ ಜಾಗವನ್ನು ಹಿಮ್ಮುಖವಾಗಿ ಮಡಿಸಿದರೆ ಗೆರೆಗಳು ಬಾಯಿ ಬಿಟ್ಟು ಒಳಗಿನ ನೂಲಿನ ಹೆಣಿಗೆ ಇಣುಕುತ್ತದೆ. ಮೇಲೆ ಥಳುಕು, ಒಳಗೆ ಹುಳುಕು.

ಈ ಹೋಸ್ ಇದ್ದ ಕಾರು ಲಕ್ಷಗಟ್ಟಲೆ ಕಿಲೋಮೀಟರ್ ಓಡಿರಬೇಕೆಂದೇನೂ ಇಲ್ಲ. ಭಾನುವಾರಕ್ಕೊಮ್ಮೆ ಹೊರಬಂದು ಮಿಕ್ಕ ದಿನವೆಲ್ಲ ಹೊದಿಕೆಯ ಕೆಳಗೆ ನಿಂತಿರುವ ಕಾರಿಗೂ ಇದೇ ಗತಿ. ಟೈರು ಓಡಿದಷ್ಟು ಸವೆಯುತ್ತದೆ, ಬ್ರೇಕ್ ಪ್ಯಾಡು ತುಳಿದಷ್ಟು ಸವೆಯುತ್ತದೆ. ಹೋಸ್ ಮಾತ್ರ ನಿಂತಲ್ಲೇ ಮುದಿಯಾಗುತ್ತದೆ. ಅದರ ವಯಸ್ಸನ್ನು ಓಡೋಮೀಟರಿನಲ್ಲಿ ಹುಡುಕಿದರೆ ಸಿಗದು. ಅದು ಎಲ್ಲಿ ಸಿಗುತ್ತದೆ ಎಂದು ತಿಳಿಯಲು ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತೋಣ.

ಹಿರೋಷಿಮಾದ ಎರಡು ಸೀಟಿನ ಕಾರು

ನಮ್ಮಲ್ಲಿ ಮಾಜ್ದಾ ಎಂದರೆ ನೆನಪಾಗುವುದು ಸ್ವರಾಜ್ ಮಾಜ್ದಾದ ಮಿನಿ ಬಸ್ಸು, ಸಣ್ಣ ಲಾರಿ. ಅದೇ ಹಿರೋಷಿಮಾದ ಕಂಪನಿ 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ಮೋಟಾರು ಮೇಳದಲ್ಲಿ ಪುಟ್ಟದೊಂದು ಕಾರನ್ನು ತೆರೆದಿಟ್ಟಿತು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಮುಂದೆ 1,597 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಹಿಂದಿನ ಚಕ್ರಗಳಿಗೆ ಓಟದ ಬಲ, ಒಟ್ಟು ತೂಕ ಒಂದು ಟನ್ನಿಗೂ ಕಮ್ಮಿ. 1960ರ ದಶಕದ ಬ್ರಿಟಿಷ್ ರೋಡ್‌ಸ್ಟರುಗಳ ಮೋಜನ್ನು, ಅವುಗಳ ರಿಪೇರಿಯ ಗೋಳಿಲ್ಲದೆ ಕೊಡುವುದು ಇದರ ಉದ್ದೇಶ. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಯೂರೋಪಿನಲ್ಲಿ ಎಂಎಕ್ಸ್-5 ಎಂದು ಹೆಸರು ಪಡೆದ ಈ ಕಾರಿನ ಮೊದಲ ಪೀಳಿಗೆ 1997ರವರೆಗೆ ತಯಾರಾಯಿತು. 2016ರ ಏಪ್ರಿಲ್ ಹೊತ್ತಿಗೆ ಎಲ್ಲ ಪೀಳಿಗೆಗಳೂ ಸೇರಿ ಹತ್ತು ಲಕ್ಷ ಕಾರುಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು.

ಆ ಮೊದಲ ಪೀಳಿಗೆಯ ಕಾರುಗಳು ಈಗ ಕಾಲು ಶತಮಾನ ದಾಟಿವೆ. ಹೆಚ್ಚಿನವು ರಜಾದಿನದ ಸವಾರಿಗೆ ಮಾತ್ರ ಹೊರಬರುವ ಪ್ರೀತಿಯ ಸ್ವತ್ತುಗಳು. ಇಂಜಿನ್ ಗಟ್ಟಿ, ಗೇರ್‌ಬಾಕ್ಸ್ ಗಟ್ಟಿ. ಮಣಿಯುವುದು ರಬ್ಬರು, ಬಟ್ಟೆ, ಪ್ಲಾಸ್ಟಿಕ್ಕು. 2017ರಲ್ಲಿ ಮಾಜ್ದಾ ಕಂಪನಿ ಜಪಾನಿನಲ್ಲಿ ಈ ಕಾರುಗಳನ್ನು ತಾನೇ ನವೀಕರಿಸಿಕೊಡುವುದಾಗಿ ಘೋಷಿಸಿ, ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಹೊರಟಾಗ, ಎದ್ದು ಕಂಡ ಭಾಗಗಳಲ್ಲಿ ಬಟ್ಟೆಯ ಟಾಪು, ಮರದ ಸ್ಟಿಯರಿಂಗು, ಆಗಿನ ವಿನ್ಯಾಸದ್ದೇ ಟೈರುಗಳು ಇದ್ದವು.

ಆರು ಲೀಟರಿನ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 33 ಮೆಗಾಜೌಲ್ ಶಕ್ತಿ ಹೊರಬರುತ್ತದೆ. ಅದರಲ್ಲಿ ಚಕ್ರ ತಿರುಗಿಸಲು ಸಿಗುವುದು ಕಾಲುಭಾಗದಿಂದ ಮೂರನೇ ಒಂದು ಭಾಗ. ಇನ್ನೊಂದು ಪಾಲು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೋಗುತ್ತದೆ. ಉಳಿದ ಮೂರನೇ ಒಂದರಷ್ಟು, ಅಂದರೆ ಸುಮಾರು 11 ಮೆಗಾಜೌಲ್, ಸಿಲಿಂಡರಿನ ಗೋಡೆ ದಾಟಿ ಸುತ್ತಲಿನ ನೀರಿಗೆ ಸೇರುತ್ತದೆ.

ಮೊದಲ ಎಂಎಕ್ಸ್-5ರ ಇಂಜಿನ್, ರೇಡಿಯೇಟರ್, ಹೋಸ್, ಹೀಟರ್ ಎಲ್ಲದರಲ್ಲೂ ಸೇರಿ ಇರುವುದು ಸುಮಾರು ಆರು ಲೀಟರ್ ದ್ರವ. ಆರು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಎರಡು ಮೆಗಾಜೌಲಿಗಿಂತ ಸ್ವಲ್ಪ ಕಡಿಮೆ ಸಾಕು. ಇಂಜಿನ್ನಿನ ಲೋಹ ತಾನು ಹೀರುವ ಶಾಖವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 170 ಮಿಲಿಲೀಟರ್ ಪೆಟ್ರೋಲ್ ಉರಿಯುವಷ್ಟರಲ್ಲಿ ಆ ನೀರು ಕುದಿಯಬೇಕು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುವ ಕಾರಾದರೆ ಎರಡು ಕಿಲೋಮೀಟರ್ ದಾರಿ, ಅಷ್ಟೇ. ಹಾಗಾಗದಿರಲು ಕಾರಣ, ಇಂಜಿನ್ನಿನಲ್ಲಿ ಬಿಸಿಯಾದ ನೀರು ರೇಡಿಯೇಟರಿಗೆ ಹೋಗಿ, ತಣಿದು, ಎಡೆಬಿಡದೆ ವಾಪಸು ಬರುತ್ತಿರುವುದು.

ಈ ಹೋಗಿ ಬರುವ ದಾರಿಯನ್ನು ಕಬ್ಬಿಣದ ಪೈಪಿನಲ್ಲಿ ಯಾಕೆ ಮಾಡಬಾರದು? ಯಾಕೆಂದರೆ ರೇಡಿಯೇಟರ್ ಕೂತಿರುವುದು ಕಾರಿನ ಮೈಗೆ ಭದ್ರವಾಗಿ. ಇಂಜಿನ್ ಕೂತಿರುವುದು ರಬ್ಬರಿನ ಮೌಂಟುಗಳ ಮೇಲೆ. ಆಕ್ಸಿಲರೇಟರ್ ತುಳಿದಾಗಲೆಲ್ಲ ಇಂಜಿನ್ ಪಕ್ಕಕ್ಕೆ ವಾಲುತ್ತದೆ, ನಿಂತಲ್ಲಿ ನಡುಗುತ್ತದೆ. ಎರಡಕ್ಕೂ ನಡುವೆ ಗಡಸು ಪೈಪ್ ಹಾಕಿದರೆ ಲೋಹ ಬಳಲಿ ಬೇಗ ಸೀಳುತ್ತದೆ. ಬಾಗಬಲ್ಲ, ಬಿಸಿ ತಾಳಬಲ್ಲ, ಒತ್ತಡಕ್ಕೆ ಉಬ್ಬದ ವಸ್ತು ಬೇಕು. ಈ ಮೂರೂ ಗುಣ ಒಂದೇ ಪದಾರ್ಥದಲ್ಲಿ ಸಿಗುವುದಿಲ್ಲ. ಹಾಗಾಗಿ ಹೋಸನ್ನು ಮೂರು ಪದರದಲ್ಲಿ ಕಟ್ಟುತ್ತಾರೆ: ಒಳಗೊಂದು ರಬ್ಬರ್ ಕೊಳವೆ, ಅದರ ಮೇಲೆ ನೂಲಿನ ಹೆಣಿಗೆ, ಅದರ ಮೇಲೆ ಇನ್ನೊಂದು ರಬ್ಬರ್ ಹೊದಿಕೆ.

ಒತ್ತಡದ ಉಪಕಾರ, ಒತ್ತಡದ ಉಪದ್ರವ

ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಇಂಜಿನ್ ಚೆನ್ನಾಗಿ ಕೆಲಸ ಮಾಡುವ ಉಷ್ಣತೆ 90ರ ಆಸುಪಾಸು. ಘಾಟಿ ಹತ್ತುವಾಗ ಅದು ಸುಲಭವಾಗಿ ನೂರು ದಾಟುತ್ತದೆ. ಕುದಿದು ಆವಿಯಾದರೆ ಕೆಟ್ಟಿತು, ಯಾಕೆಂದರೆ ಆವಿಯ ಗುಳ್ಳೆ ಅಂಟಿದ ಲೋಹದಿಂದ ಶಾಖ ಸರಿಯಾಗಿ ಹೊರಬರುವುದಿಲ್ಲ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನದ್ದೇ. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನು ಇಲ್ಲಿ ರೇಡಿಯೇಟರಿನ ಮುಚ್ಚಳದೊಳಗಿನ ಸ್ಪ್ರಿಂಗ್ ಮಾಡುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 0.9 ಕಿಲೋಗ್ರಾಂ ಒತ್ತಡ ಏರುವವರೆಗೆ ಅದು ಬಾಯಿ ಬಿಡುವುದಿಲ್ಲ. ಆ ಒತ್ತಡದಲ್ಲಿ ಬರಿಯ ನೀರು ಕುದಿಯಲು 118 ಡಿಗ್ರಿ ಬೇಕು. ಕೂಲಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಬೆರೆತಿದ್ದರೆ ಇನ್ನೂ ಹೆಚ್ಚು.

ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬೇಡಿ ಎಂದು ಎಲ್ಲರೂ ಎಚ್ಚರಿಸುವುದೂ ಇದಕ್ಕೇ. ಒಳಗಿನ ದ್ರವ 110 ಡಿಗ್ರಿಯಲ್ಲಿದ್ದರೂ ಒತ್ತಡದ ದೆಸೆಯಿಂದ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬೀಳುತ್ತದೆ, ದ್ರವವೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ.

ಈಗ ಹೋಸಿನ ಪಾಡು ನೋಡಿ. ಒಳವ್ಯಾಸ 32 ಮಿಲಿಮೀಟರ್ ಎಂದುಕೊಂಡರೆ ಅಡ್ಡಕೊಯ್ತದ ವಿಸ್ತೀರ್ಣ ಎಂಟು ಚದರ ಸೆಂಟಿಮೀಟರ್. ಅಂದರೆ ಏಳು ಕಿಲೋಗ್ರಾಂಗಿಂತ ಹೆಚ್ಚಿನ ಬಲ ಹೋಸನ್ನು ಕೊಳವೆಯಿಂದ ಕಳಚಿ ಎಸೆಯಲು ಸದಾ ತಳ್ಳುತ್ತಿರುತ್ತದೆ. ಗೋಡೆಯ ಮೇಲಿನ ಎಳೆತ ಇದಕ್ಕಿಂತ ಕುತೂಹಲದ್ದು. ಯಾವುದೇ ತೆಳುಗೋಡೆಯ ಕೊಳವೆಯೊಳಗೆ ಒತ್ತಡವಿದ್ದಾಗ, ಅದರ ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವ ಬಿಗಿತ ಉದ್ದದ ದಿಕ್ಕಿನಲ್ಲಿ ಎಳೆಯುವುದರ ಸರಿಯಾಗಿ ಎರಡು ಪಟ್ಟು. ಹೋಸ್ ಒಡೆದರೆ ಬಳೆಯಾಕಾರದಲ್ಲಿ ತುಂಡಾಗದೆ ಉದ್ದಕ್ಕೆ ಸೀಳುವುದು ಈ ಕಾರಣಕ್ಕೆ. ನೂಲನ್ನು ಓರೆಯಾಗಿ ಸುತ್ತುವವರು ಇದೇ ಎರಡು-ಒಂದರ ಅನುಪಾತದಿಂದ ಕೋನ ಲೆಕ್ಕ ಹಾಕುತ್ತಾರೆ. ಹೋಸಿನ ಅಕ್ಷಕ್ಕೆ 54.7 ಡಿಗ್ರಿ ಓರೆಯಲ್ಲಿ ನೂಲು ಸುತ್ತಿದರೆ ಎರಡೂ ದಿಕ್ಕಿನ ಎಳೆತ ಸಮತೂಗುತ್ತದೆ. ಒತ್ತಡ ಏರಿದಾಗ ಹೋಸ್ ಉಬ್ಬುವುದೂ ಇಲ್ಲ, ಉದ್ದವಾಗುವುದೂ ಇಲ್ಲ. ನೂಲು ಗಟ್ಟಿಯಾಗಿರುವವರೆಗೆ ಮಾತ್ರ ಈ ಲೆಕ್ಕ ನಿಜ. ಒಳಪದರ ಬಿರಿದು ಬಿಸಿ ದ್ರವ ನೂಲಿಗೆ ತಗುಲಿತೆಂದರೆ ಅದು ನಿಧಾನವಾಗಿ ಕೊಳೆಯುತ್ತದೆ.

ಬೆನ್ನೆಲುಬಿನಲ್ಲಿ ಬಿರುಕಿಲ್ಲದ ರಬ್ಬರು

ರಬ್ಬರ್ ಮರದ ಹಾಲಿನಿಂದ ಬರುವ ರಬ್ಬರು ಈ ಕೆಲಸಕ್ಕೆ ಆಗದು. ಅದರ ಉದ್ದನೆಯ ಅಣುಸರಪಳಿಯ ಕೊಂಡಿಕೊಂಡಿಯಲ್ಲೂ ಇಂಗಾಲದ ಪರಮಾಣುಗಳ ನಡುವೆ ಒಂದು ಜೋಡಿಬಂಧವಿದೆ. ಗಾಳಿಯಲ್ಲಿರುವ ಅತ್ಯಲ್ಪ ಓಜೋನ್ ಕೂಡ ಹುಡುಕಿ ಕಡಿಯುವುದು ಆ ಜೋಡಿಬಂಧವನ್ನೇ. ಹಳೆಯ ಸೈಕಲ್ ಟೈರಿನ ಪಕ್ಕದಲ್ಲಿ ಕಾಣುವ ಸಣ್ಣ ಬಿರುಕುಗಳು ಓಜೋನಿನ ಕೈಚಳಕ.

ಇದಕ್ಕೆ ಪರಿಹಾರ ಸಿಕ್ಕಿದ್ದು 1950ರ ದಶಕದಲ್ಲಿ, ಜರ್ಮನಿಯ ಕಾರ್ಲ್ ಜೀಗ್ಲರ್ ಮತ್ತು ಇಟಲಿಯ ಜೂಲಿಯೋ ನಾಟಾ ಅವರ ವೇಗವರ್ಧಕಗಳಿಂದ. ಎಥಿಲೀನ್, ಪ್ರೊಪಿಲೀನ್‌ನಂಥ ಸರಳ ಅನಿಲಗಳನ್ನು ಬೇಕಾದ ಕ್ರಮದಲ್ಲಿ ಪೋಣಿಸುವ ವಿದ್ಯೆ ಅದು. 1963ರ ರಸಾಯನ ವಿಜ್ಞಾನದ ನೊಬೆಲ್ ಇಬ್ಬರಿಗೂ ಬಂತು. ಈ ಎರಡು ಅನಿಲಗಳನ್ನು ಬೆರೆಸಿ, ಜೊತೆಗೆ ಚೂರು ಡೈಈನ್ ಎಂಬ ಮೂರನೆಯದನ್ನು ಸೇರಿಸಿದರೆ ಸಿಗುವುದೇ ಇಪಿಡಿಎಂ ರಬ್ಬರು. ಇದರ ಸರಪಳಿಯ ಬೆನ್ನೆಲುಬಿನಲ್ಲಿ ಜೋಡಿಬಂಧವಿಲ್ಲ. ಸರಪಳಿಗಳನ್ನು ಒಂದಕ್ಕೊಂದು ಹೆಣೆಯಲು ಬೇಕಾದ ಜೋಡಿಬಂಧ ಪಕ್ಕದ ಕೊಂಬೆಯಲ್ಲಿರುತ್ತದೆ. ಅದು ಮುರಿದರೂ ಬೆನ್ನೆಲುಬು ಉಳಿಯುತ್ತದೆ. ಇಂದು ಹೆಚ್ಚಿನ ಕಾರುಗಳ ರೇಡಿಯೇಟರ್ ಹೋಸ್ ಈ ರಬ್ಬರಿನದು. ಬಲಕ್ಕೆಂದು ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯನ್ನು ಧಾರಾಳವಾಗಿ ಕಲಸುತ್ತಾರೆ. ಹೋಸ್ ಕಪ್ಪಗಿರುವುದು ಆ ಮಸಿಯಿಂದ. ಮುಂದೆ ಹೋಸಿಗೆ ಮುಳುವಾಗುವುದೂ ಅದೇ ಮಸಿ.

ನಾಲ್ಕು ಶತ್ರುಗಳು

ಮೊದಲನೆಯದು ಶಾಖ ಮತ್ತು ಆಮ್ಲಜನಕದ ಜೋಡಿ. ವರ್ಷಗಟ್ಟಲೆ ಬಿಸಿಯಾಗುತ್ತಾ ಹೋದ ರಬ್ಬರಿನಲ್ಲಿ ಸರಪಳಿಗಳ ನಡುವೆ ಬೇಡದ ಹೊಸ ಹೆಣಿಗೆಗಳು ಹುಟ್ಟುತ್ತವೆ, ಮೆದುವಾಗಿಡುವ ಎಣ್ಣೆಯ ಅಂಶ ಆರಿಹೋಗುತ್ತದೆ. ಹೋಸ್ ಗಡಸಾಗುತ್ತದೆ, ಕ್ಲಿಪ್ಪಿನ ಕೆಳಗೆ ಅದುಮಿಸಿಕೊಂಡ ಭಾಗ ಅದುಮಿದ ಹಾಗೇ ಉಳಿದುಬಿಡುತ್ತದೆ, ಮತ್ತೆ ಅರಳುವುದಿಲ್ಲ.

ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಉಷ್ಣತೆಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ನಂಟನ್ನು ಒಂದು ಸಮೀಕರಣದಲ್ಲಿ ಹಿಡಿದಿಟ್ಟರು. ಅದರಿಂದ ಹುಟ್ಟಿದ ಒರಟು ಸೂತ್ರವೊಂದು ಎಂಜಿನಿಯರುಗಳ ಬಾಯಲ್ಲಿದೆ: ಹತ್ತು ಡಿಗ್ರಿ ಏರಿದರೆ ವೇಗ ಇಮ್ಮಡಿ. ಈ ಸೂತ್ರವನ್ನು ನಮ್ಮ ಭಾನುವಾರದ ಕಾರಿಗೆ ಹಚ್ಚಿ ನೋಡೋಣ. ವರ್ಷಕ್ಕೆ ನೂರು ಗಂಟೆ ಓಡುತ್ತದೆ, ಆಗ ಹೋಸಿನ ಉಷ್ಣತೆ 90 ಡಿಗ್ರಿ. ಮಿಕ್ಕ 8,660 ಗಂಟೆ 30 ಡಿಗ್ರಿಯಲ್ಲಿ ನಿಂತಿರುತ್ತದೆ. ಅರವತ್ತು ಡಿಗ್ರಿ ಅಂತರವೆಂದರೆ ಆರು ಬಾರಿ ಇಮ್ಮಡಿ, ಅಂದರೆ 64 ಪಟ್ಟು. ಓಡಿದ ನೂರು ಗಂಟೆ 6,400 ತಣ್ಣನೆಯ ಗಂಟೆಗಳಿಗೆ ಸಮ. ನಿಂತ ಗಂಟೆಗಳ ಲೆಕ್ಕ ಅದಕ್ಕಿಂತ ಜಾಸ್ತಿಯೇ ಆಯಿತು! ಸೂತ್ರ ಒರಟು, ನಿಜವಾದ ರಬ್ಬರು ಇಷ್ಟು ನೇರವಾಗಿ ನಡೆದುಕೊಳ್ಳುವುದಿಲ್ಲ. ಆದರೂ ಮಾತು ಸ್ಪಷ್ಟ: ಕಡಿಮೆ ಓಡುವ ಕಾರಿನಲ್ಲಿ ಹೋಸಿನ ಮುಪ್ಪಿನ ದೊಡ್ಡ ಪಾಲು ಕಾರು ನಿಂತಿದ್ದಾಗ ಆದದ್ದು.

ಎರಡನೆಯ ಶತ್ರು ವಿದ್ಯುತ್ತು. ಲೋಹದ ಕೊಳವೆ, ಅಯಾನುಗಳಿರುವ ದ್ರವ, ಮಸಿ ಬೆರೆತು ವಿದ್ಯುತ್ ಹಾಯಿಸಬಲ್ಲ ರಬ್ಬರು, ಈ ಮೂರೂ ತಾಗಿಕೊಂಡಿದ್ದರೆ ಅಲ್ಲೊಂದು ಪುಟ್ಟ ಬ್ಯಾಟರಿ ಸಿದ್ಧವಾದಂತೆ. ಅದರಲ್ಲಿ ಹರಿಯುವ ಕರೆಂಟು ಯಾವ ದೀಪವನ್ನೂ ಉರಿಸದಷ್ಟು ಕಡಿಮೆ, ಆದರೆ ಹಗಲಿರುಳೂ ಹರಿಯುತ್ತದೆ. ಅದರ ಜೊತೆ ನಡೆಯುವ ರಾಸಾಯನಿಕ ಕ್ರಿಯೆ ಒಳಪದರದ ರಬ್ಬರನ್ನು ಲೋಹದ ತುದಿಯ ಬಳಿಯಲ್ಲಿ ಗೆರೆಗೆರೆಯಾಗಿ ಕೊರೆಯುತ್ತದೆ. ಸೀಳಿದ ಹೋಸಿನ ಒಳಗೆ ನಾವು ಕಂಡದ್ದು ಇದರ ಗುರುತು. ಹೊರಗಿನಿಂದ ಎಷ್ಟು ತಿಕ್ಕಿ ನೋಡಿದರೂ ಇದು ಕಾಣದು. ಉದ್ಯಮ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆಯೆಂದರೆ, ಹೋಸ್ ಈ ಕಾಟವನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಪರೀಕ್ಷಾ ವಿಧಾನವೇ ಬೇರೆ ಇದೆ. ಎಸ್‌ಎಇ ಜೆ1684 ಎಂದು ಅದರ ಹೆಸರು.

ಮೂರನೆಯದು ಎಣ್ಣೆ. ಇಪಿಡಿಎಂ ಅಪ್ಪಟ ಹೈಡ್ರೋಕಾರ್ಬನ್. ತನ್ನ ಜಾತಿಯದೇ ಆದ ಇಂಜಿನ್ ಆಯಿಲ್ ತಾಗಿದರೆ ಹೀರಿಕೊಂಡು ಊದಿ, ಸ್ಪಂಜಿನಂತೆ ಮೆತ್ತಗಾಗುತ್ತದೆ. ನೀರು, ಗ್ಲೈಕಾಲ್ ಬೇರೆ ಜಾತಿಯವು, ಅವನ್ನು ಹತ್ತಿರ ಸೇರಿಸುವುದಿಲ್ಲ. ವಾಲ್ವ್ ಕವರಿನಿಂದ ತೊಟ್ಟಿಕ್ಕುವ ಆಯಿಲ್ ಹೋಸಿನ ಮೇಲೆ ಬೀಳುತ್ತಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಬೇಕು, ಆಮೇಲೆ ಹೊಸ ಹೋಸ್.

ನಾಲ್ಕನೆಯದು ಉಜ್ಜಾಟ: ಬೆಲ್ಟಿಗೋ ಬ್ರ್ಯಾಕೆಟ್ಟಿಗೋ ತಾಗಿ ಹೊರಪದರ ಸವೆದು ನೂಲು ಕಾಣುವುದು. ಇದೊಂದೇ ಕಣ್ಣಿಗೆ ಬೀಳುವ ಶತ್ರು.

ಹಾಗಾದರೆ ಕಾಣದ್ದನ್ನು ಪತ್ತೆ ಮಾಡುವುದು ಹೇಗೆ? ಬೆರಳಿನಿಂದ. ಇಂಜಿನ್ ಪೂರ್ತಿ ತಣಿದಿರುವಾಗ ಹೋಸಿನ ನಡುಭಾಗವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಸುಕಿ ನೋಡಿ, ಆಮೇಲೆ ಕ್ಲಿಪ್ಪಿನ ಪಕ್ಕದ ಭಾಗವನ್ನು ಹಿಸುಕಿ. ನಡುವೆ ಬಿಗಿಯಾಗಿದ್ದು ತುದಿಯಲ್ಲಿ ಮೆತ್ತಗೆ ಟೊಳ್ಳಾದಂತೆ ಅನಿಸಿದರೆ ಒಳಗೆ ಗೆರೆ ಬಿದ್ದಿದೆ. ಹಿಸುಕಿದಾಗ ಒಳಗೇನೋ ಮುರಿದಂತೆ ಕರಕರ ಅಂದರೆ ರಬ್ಬರು ಗಡಸಾಗಿದೆ. ಯಾವುದೇ ಆದರೂ ಹೋಸ್ ಬದಲಿಸುವ ಕಾಲ ಬಂದಿದೆ.

ಮರೆತುಹೋಗುವ ಹಿಂದಿನ ಹೋಸುಗಳು

ಕಾರಿನ ಮೂತಿಯ ಬಳಿ ಎರಡು ದಪ್ಪ ಹೋಸುಗಳು ಕಾಣುತ್ತವೆ. ಮೇಲಿನದು ಇಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಒಯ್ಯುತ್ತದೆ. ಕೆಳಗಿನದು ತಣಿದ ನೀರನ್ನು ಪಂಪಿಗೆ ತರುತ್ತದೆ. ಮೇಲಿನದಕ್ಕೆ ಶಾಖದ ಕಾಟ ಹೆಚ್ಚು. ಕೆಳಗಿನದನ್ನು ಪಂಪ್ ಹೀರುತ್ತಿರುತ್ತದೆ. ರಬ್ಬರು ಮೆತ್ತಗಾಗಿದ್ದರೆ ಇಂಜಿನ್ ಜೋರಾಗಿ ತಿರುಗುವಾಗ ಚಪ್ಪಟೆಯಾಗಿ ನೀರಿನ ದಾರಿ ಕಟ್ಟಬಹುದು. ಹೆಚ್ಚಿನವರು ಈ ಎರಡನ್ನು ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ.

ಎಂಎಕ್ಸ್-5ರಲ್ಲಿ ಹಾಗೆ ಮಾಡಿದರೆ ಅರ್ಧ ಕೆಲಸ ಉಳಿದಂತೆ. ಇದರ ಇಂಜಿನ್ ಮಾಜ್ದಾ 323 ಎಂಬ ಸಾಧಾರಣ ಮನೆಬಳಕೆಯ ಕಾರಿನ ಸಂತಾನ. ಅಲ್ಲಿ ಇಂಜಿನ್ ಅಡ್ಡಡ್ಡ ಕೂತಿತ್ತು. ನೀರು ಒಂದು ತುದಿಯಲ್ಲಿ ಒಳಬಂದು, ನಾಲ್ಕೂ ಸಿಲಿಂಡರುಗಳನ್ನು ದಾಟಿ, ಇನ್ನೊಂದು ತುದಿಯಲ್ಲಿ ಹೊರಹೋಗುತ್ತಿತ್ತು. ಸ್ಪೋರ್ಟ್ಸ್ ಕಾರಿಗಾಗಿ ಇಂಜಿನ್ನನ್ನು ಉದ್ದುದ್ದ ತಿರುಗಿಸಿದಾಗ ನೀರು ಹೊರಹೋಗುವ ತುದಿ ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆಗೆ ಅಂಟಿಕೊಂಡಿತು. ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್, ದಪ್ಪ ಹೋಸ್ ಅಲ್ಲಿ ಇಡಲು ಜಾಗವಿಲ್ಲ. ಹಾಗಾಗಿ ಎಂಜಿನಿಯರುಗಳು ಹೊರದಾರಿಯನ್ನೂ ಮುಂದಕ್ಕೆ ತಂದರು. ಒಳಬರುವುದೂ ಮುಂದೆ, ಹೊರಹೋಗುವುದೂ ಮುಂದೆ ಎಂದಾದ ಮೇಲೆ ಹಿಂದಿನ ನಾಲ್ಕನೇ ಸಿಲಿಂಡರಿನ ಕಡೆ ನೀರಿನ ಓಡಾಟ ಕಮ್ಮಿ. ಅಲ್ಲಿ ನೀರು ಚಲಿಸಲು ಉಳಿದ ಮುಖ್ಯ ದಾರಿಯೆಂದರೆ ಸಿಲಿಂಡರ್ ಹೆಡ್ಡಿನ ಹಿಂಬದಿಯಿಂದ ಹೊರಟು ಹೀಟರ್ ಸುತ್ತಿ ಬರುವ ಎರಡು ಸಣ್ಣ ಹೋಸುಗಳು.

ಬೇರೆ ಕಾರಿನಲ್ಲಿ ಹೀಟರ್ ಹೋಸ್ ಚಳಿಗಾಲದ ಸುಖಕ್ಕಿರುವ ವ್ಯವಸ್ಥೆ. ಇಲ್ಲಿ ಅದು ಹಿಂದಿನ ಸಿಲಿಂಡರಿನ ಜೀವನಾಡಿ. ಇಂಜಿನ್ನಿನ ಬೆನ್ನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಕೈ ಹಿಡಿಸದ ಜಾಗದಲ್ಲಿರುವುದರಿಂದ ಕಾರ್ಖಾನೆಯಲ್ಲಿ ಹಾಕಿದ ಹೋಸೇ ದಶಕಗಟ್ಟಲೆ ಅಲ್ಲಿ ಉಳಿದಿರುವುದುಂಟು. ಅದು ಸೋರಿ ನೀರು ಖಾಲಿಯಾದರೆ ಪೆಟ್ಟು ಬೀಳುವುದು ಅಲ್ಯೂಮಿನಿಯಂ ಹೆಡ್ಡಿಗೆ. ಕೆಳಗಿನ ಬ್ಲಾಕ್ ಬೀಡುಕಬ್ಬಿಣ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡು ಪಟ್ಟು. ಎರಡನ್ನೂ ಬೋಲ್ಟು ಹಾಕಿ ಬಿಗಿದಿರುವುದರಿಂದ ಅತಿಯಾಗಿ ಕಾದ ಹೆಡ್ಡು ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಅಗ್ಗದ ಹೋಸ್ ಉಳಿಸಲು ಹೋಗಿ ಇಂಜಿನ್ ಇಳಿಸುವ ಖರ್ಚು ಮೈಮೇಲೆ ಬರುವುದು ಹೀಗೆ.

ಬಿಚ್ಚುವುದು, ಹಾಕುವುದು

ಕೆಲಸ ಕಷ್ಟದ್ದಲ್ಲ, ಅವಸರ ಸಲ್ಲದು, ಅಷ್ಟೇ. ಇಂಜಿನ್ ರಾತ್ರಿಯಿಡೀ ತಣಿದಿರಲಿ. ಕಾರಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೆಗೆದು, ಅಗಲ ಬಾಯಿಯ ಪಾತ್ರೆಯಿಟ್ಟು, ರೇಡಿಯೇಟರಿನ ಅಡಿಯ ಡ್ರೈನ್ ಪ್ಲಗ್ ಸಡಿಲಿಸಬೇಕು. ಹೊರಬರುವ ಕೂಲಂಟನ್ನು ಮೋರಿಗೆ ಬಿಡಬಾರದು, ನೆಲದ ಮೇಲೆ ಚೆಲ್ಲಿ ಬಿಡಲೂಬಾರದು. ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ ಬೆಕ್ಕುಗಳು ನೆಕ್ಕುತ್ತವೆ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮನುಷ್ಯರಿಗೂ ಅದು ಅಷ್ಟೇ ಅಪಾಯ.

ಇನ್ನು ಕ್ಲಿಪ್ ಸರಿಸಿ ಹೋಸ್ ಎಳೆದರೆ ಬರುವುದೇ ಇಲ್ಲ. ವರ್ಷಾನುಗಟ್ಟಲೆ ಬಿಸಿಯಲ್ಲಿ ಅದುಮಿಸಿಕೊಂಡ ರಬ್ಬರು ಲೋಹಕ್ಕೆ ಬೆಸೆದುಕೊಂಡಿರುತ್ತದೆ. ಇಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆ ಬೇಡ. ಮೊದಲ ಎಂಎಕ್ಸ್-5ರ ಮೂಲ ರೇಡಿಯೇಟರಿನ ಮೇಲಿನ ಟ್ಯಾಂಕ್ ಪ್ಲಾಸ್ಟಿಕ್ಕಿನದು. ಕಾರ್ಖಾನೆಯಿಂದ ಬಂದಾಗ ಅದು ಕಪ್ಪು. ಬಿಸಿಗೆ ಬೇಯುತ್ತಾ ಹಸಿರು ಮಿಶ್ರಿತ ಕಂದಾಗುತ್ತದೆ. ಬಣ್ಣ ತಿರುಗಿದ ಟ್ಯಾಂಕಿನ ಕತ್ತು ಒಂದು ಮೀಟಿಗೆ ಲಟಕ್ಕೆಂದು ಮುರಿಯುತ್ತದೆ. ಹೋಸ್ ಹೇಗೂ ಬಿಸಾಡುವಂಥದ್ದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಕತ್ತಿಗೆ ಗೀರಾಗದಂತೆ ಬಾಳೆಹಣ್ಣಿನ ಸಿಪ್ಪೆ ಬಿಡಿಸಿದ ಹಾಗೆ ಬಿಡಿಸಿದರಾಯಿತು. ಟ್ಯಾಂಕ್ ಕಂದಾಗಿದ್ದರೆ ಹೊಸ ಹೋಸಿನ ಜೊತೆ ಹೊಸ ರೇಡಿಯೇಟರಿಗೂ ಹಣ ಎತ್ತಿಡುವುದು ಜಾಣತನ.

ಹೋಸ್ ತೆಗೆದ ಮೇಲೆ ಅಲ್ಯೂಮಿನಿಯಂ ಕತ್ತಿನ ಮೇಲೆ ಬಿಳಿಯ ಪುಡಿ ಕಟ್ಟಿರುವುದು ಕಾಣುತ್ತದೆ. ಅದು ತುಕ್ಕಿನ ಬಳಗದ ಅಲ್ಯೂಮಿನಿಯಂ ಆಕ್ಸೈಡು. ನುಣ್ಣನೆಯ ಎಮರಿ ಕಾಗದದಿಂದ ತಿಕ್ಕಿ ತೆಗೆಯದಿದ್ದರೆ ಹೊಸ ಹೋಸೂ ಅಲ್ಲಿಂದಲೇ ಜಿನುಗುತ್ತದೆ. ಹೊಸದು ಸಲೀಸಾಗಿ ಜಾರಲು ಕತ್ತಿಗೆ ಕೂಲಂಟನ್ನೇ ಸವರಬೇಕು. ಗ್ರೀಸ್, ಆಯಿಲ್ ಸವರಿದರೆ ಮೂರನೆಯ ಶತ್ರುವನ್ನು ಮೊದಲ ದಿನವೇ ಮನೆಗೆ ಕರೆದಂತೆ.

ಕ್ಲಿಪ್ಪಿನ ಆಯ್ಕೆಯಲ್ಲೂ ವಿಜ್ಞಾನವಿದೆ. ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಿಪ್ಪಿಗೆ ಬ್ರಿಟನ್ನಿನ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದರು. ಅದರ ಬಿಗಿತ ನಾವು ಸ್ಕ್ರೂ ನಿಲ್ಲಿಸಿದ ಜಾಗದಲ್ಲೇ ನಿಲ್ಲುತ್ತದೆ. ರಬ್ಬರು ಮಾತ್ರ ನಿಲ್ಲುವುದಿಲ್ಲ. ಬಿಸಿಯಲ್ಲಿ ಲೋಹಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಬಿಸಿಯಲ್ಲಿ ಬಿಗಿಯಾಗಿದ್ದ ಜೋಡಣೆ ಬೆಳಗಿನ ಚಳಿಯಲ್ಲಿ ಜಿನುಗುವುದು ಹೀಗೆ. ಎಷ್ಟೋ ಜಪಾನಿ ಕಾರುಗಳಲ್ಲಿ ಕಾರ್ಖಾನೆಯವರೇ ಹಾಕುವ ಸ್ಪ್ರಿಂಗ್ ಕ್ಲಿಪ್ ನೋಡಲು ಸಾದಾ. ಆದರೆ ರಬ್ಬರು ಹಿಗ್ಗಿದರೆ ತಾನೂ ಹಿಗ್ಗುತ್ತದೆ, ಕುಗ್ಗಿದರೆ ಹಿಂಬಾಲಿಸಿ ಅದುಮುತ್ತದೆ. ಅದನ್ನು ಬಿಸಾಡಿ ಮಿರುಗುವ ಸ್ಕ್ರೂ ಕ್ಲಿಪ್ ಹಾಕುವುದು ಹಲವು ಬಾರಿ ಹಿಂದಕ್ಕೆ ಇಟ್ಟ ಹೆಜ್ಜೆ. ಯಾವುದೇ ಕ್ಲಿಪ್ಪಾದರೂ ಕೂರಬೇಕಾದ್ದು ಕತ್ತಿನ ತುದಿಯ ಉಬ್ಬುಗೆರೆಯ ಹಿಂದೆ. ಉಬ್ಬಿನ ಮೇಲೆ ಬಿಗಿದರೆ ಆ ಏಳು ಕಿಲೋಗ್ರಾಂ ಬಲ ಅದನ್ನು ಜಾರಿಸಿಬಿಡುತ್ತದೆ.

ನೀಲಿ, ಕೆಂಪು ಬಣ್ಣದ ಸಿಲಿಕೋನ್ ಹೋಸುಗಳ ಆಕರ್ಷಣೆಯೂ ಇದೆ. ಅವುಗಳ ಬೆನ್ನೆಲುಬು ಸಿಲಿಕಾನ್-ಆಮ್ಲಜನಕದ ಗಟ್ಟಿ ಬಂಧ, 170 ಡಿಗ್ರಿಯನ್ನೂ ತಾಳುತ್ತದೆ. ಆದರೆ ಸಿಲಿಕೋನಿನ ಮೂಲಕ ನೀರಾವಿ ಇಪಿಡಿಎಂಗಿಂತ ಎಷ್ಟೋ ಸುಲಭವಾಗಿ ಹೊರನುಸುಳುತ್ತದೆ. ಎಲ್ಲೂ ಸೋರದೆಯೂ ಕೂಲಂಟ್ ಮಟ್ಟ ನಿಧಾನವಾಗಿ ಇಳಿಯಬಹುದು. ಮೆದುವಾದ್ದರಿಂದ ಸ್ಕ್ರೂ ಕ್ಲಿಪ್ಪಿನ ಸೀಳುಗಂಡಿಗಳು ಅದನ್ನು ಕೊಯ್ಯುತ್ತವೆ. ರೇಸಿಗೆ ಹೋಗದ ಕಾರಿಗೆ ಒಳ್ಳೆಯ ಇಪಿಡಿಎಂ ಹೋಸ್ ಧಾರಾಳ ಸಾಕು.

ತುಂಬುವ ನೀರು, ಸಿಕ್ಕಿಕೊಳ್ಳುವ ಗಾಳಿ

ಕೂಲಂಟನ್ನು ನಲ್ಲಿ ನೀರಿನಲ್ಲಿ ಬೆರೆಸಬಾರದು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಂಜಿನ್ನಿನೊಳಗೆ ಪಾಚಿಗಟ್ಟಿದಂತೆ ಹಕ್ಕಳೆಯಾಗುತ್ತವೆ. ಕ್ಲೋರೈಡು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಜೊತೆಗೆ ನೀರಿನಲ್ಲಿ ಅಯಾನು ಹೆಚ್ಚಿದಷ್ಟೂ ಎರಡನೆಯ ಶತ್ರುವಿಗೆ ಅನುಕೂಲ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಸಮ ಬೆರೆಸುವುದು ವಾಡಿಕೆ. ಜಪಾನಿ ತಯಾರಕರು ಸಾಮಾನ್ಯವಾಗಿ ಫಾಸ್ಫೇಟ್ ಇರುವ, ಸಿಲಿಕೇಟ್ ಇಲ್ಲದ ಕೂಲಂಟ್ ಬಯಸುತ್ತಾರೆ. ಗಡಸು ನೀರಿನ ಯೂರೋಪಿನಲ್ಲಿ ಇದು ತಿರುವುಮುರುವು. ಬಣ್ಣ ನೋಡಿ ಕೊಂಡರೆ ಮೋಸ, ಡಬ್ಬದ ಹಿಂದೆ ಬರೆದಿರುವುದನ್ನು ಓದಿ ಕೊಳ್ಳಬೇಕು.

ಕೊನೆಗೆ ಉಳಿಯುವುದು ಏರ್ ಲಾಕ್. ಎತ್ತರದ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಶಾಖ ಹೀರುವವರಿಲ್ಲ. ಕಾರಿನ ಮೂತಿಯನ್ನು ತುಸು ಎತ್ತರಿಸಿ, ಮುಚ್ಚಳ ತೆಗೆದಿಟ್ಟೇ ತಣ್ಣನೆಯ ಇಂಜಿನ್ ಚಾಲೂ ಮಾಡಿ, ಮೇಲಿನ ಹೋಸನ್ನು ಆಗಾಗ ಮೃದುವಾಗಿ ಹಿಸುಕುತ್ತಿದ್ದರೆ ಗುಳ್ಳೆಗಳು ಬರುತ್ತವೆ. 88 ಡಿಗ್ರಿಯ ಆಸುಪಾಸಿನಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದುವರೆಗೆ ಉಗುರುಬೆಚ್ಚಗಿದ್ದ ಮೇಲಿನ ಹೋಸ್ ಒಮ್ಮೆಲೇ ಸುಡತೊಡಗುತ್ತದೆ, ಮಟ್ಟ ಇಳಿಯುತ್ತದೆ. ಇಳಿದಷ್ಟು ತುಂಬಿ ಮುಚ್ಚಳ ಹಾಕಬೇಕು. ಮಾರನೇ ದಿನ ತಣ್ಣಗಿರುವಾಗ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ತಪ್ಪು ಹೋಸಿನದಲ್ಲ. ತಣಿದು ಕುಗ್ಗುವ ದ್ರವಕ್ಕೆ ಪಕ್ಕದ ಬಾಟಲಿಯಿಂದ ಕೂಲಂಟ್ ವಾಪಸು ಬಿಡಬೇಕಾದ ಮುಚ್ಚಳದ ಸಣ್ಣ ಕವಾಟ ಅಂಟಿಕೊಂಡಿದೆ. ಮುಚ್ಚಳ ಬದಲಿಸಿದರೆ ಸರಿಹೋಗುತ್ತದೆ.

ಯಾವ ತಾರೀಖಿನಿಂದ ಎಣಿಸುವುದು?

ಅಂಗಡಿಯ ಅಟ್ಟದ ಮೇಲೆ ಇಪ್ಪತ್ತು ವರ್ಷ ಕೂತಿದ್ದ ಕಂಪನಿಯ ಅಸಲಿ ಹೋಸ್ ಸಿಕ್ಕಿತೆಂದು ಹಳೆಯ ಕಾರಿನವರು ಹಿಗ್ಗುವುದುಂಟು. ರಬ್ಬರು ಸಾಮಾನುಗಳ ದಾಸ್ತಾನಿಗೆ ಐಎಸ್‌ಒ 2230 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಬಿಸಿಲು, ಶಾಖ, ಓಜೋನ್ ತಾಗದಂತೆ ಸರಿಯಾಗಿ ಇಟ್ಟರೂ ನೈಸರ್ಗಿಕ ರಬ್ಬರಿಗೆ ಅದು ಮೊದಲ ಹಂತದಲ್ಲಿ ಕೊಡುವುದು 5 ವರ್ಷ, ಇಪಿಡಿಎಂಗೆ 10 ವರ್ಷ. ಅಷ್ಟಾದ ಮೇಲೆ ಪರೀಕ್ಷಿಸಿ ನೋಡದೆ ಬಳಸುವಂತಿಲ್ಲ. ಒಂದು ಕಿಲೋಮೀಟರೂ ಓಡದ, ಒಂದು ಹನಿ ನೀರೂ ಕಾಣದ ರಬ್ಬರಿಗೆ ಈ ಗಡುವು.

ಆದ್ದರಿಂದ ಹೋಸ್ ಕೊಳ್ಳುವಾಗ ಅದರ ಮೇಲೆ ಅಚ್ಚಾದ ತಯಾರಿಕೆಯ ದಿನಾಂಕ ಹುಡುಕಿ. ಸಿಗದಿದ್ದರೆ ಹೊಸದಾಗಿ ತಯಾರಾದದ್ದನ್ನೇ ಕೇಳಿ ಪಡೆಯಿರಿ. ಹಾಕಿದ ದಿನದ ತಾರೀಖನ್ನು ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ಬರೆಯಿರಿ, ಹೀಟರ್ ಹೋಸುಗಳಿಗೂ ಬೇರೆಯಾಗಿ ಬರೆಯಿರಿ. ನಿಮ್ಮದು ಹಿರೋಷಿಮಾದ ರೋಡ್‌ಸ್ಟರ್ ಆಗಿರಲಿ, ಶೆಡ್ಡಿನಲ್ಲಿ ನಿಂತಿರುವ ಅಪ್ಪನ ಕಾಲದ ಕಾರಾಗಿರಲಿ, ಮುಂದಿನ ಸಲ ಬದಲಿಸುವ ಹೊತ್ತು ಬಂದಿದೆಯೇ ಎಂದು ತೀರ್ಮಾನಿಸುವಾಗ ಮೊದಲು ನೋಡಬೇಕಾದ ಅಂಕಿ ಅದೇ ತಾರೀಖು, ಕಿಲೋಮೀಟರಿನದು ಆಮೇಲೆ.